ಮಕ್ಕಳಿಗೆ ಕಂಪ್ಯೂಟರ್ ಕೋಣೆಯ ಬೀಗ ತೆರೆದ ಮೇಷ್ಟ್ರು: ಜಾನ್ ಕೆಮೆನಿ

ಮೊಬೈಲ್ ಕೈಗೆ ಸಿಕ್ಕರೆ ಊಟದ ನೆನಪೂ ಇಲ್ಲದ ಒಂಬತ್ತನೇ ತರಗತಿಯ ಹುಡುಗ, ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಮಾತ್ರ ಆಕಳಿಸುತ್ತಾ ಕೂರುತ್ತಾನೆ. ಏಕೆ? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ; ಅವರಿಗೆ ಬೇಕಿರುವುದು ಆಟ ಮಾತ್ರ; ಪ್ರೋಗ್ರಾಮಿಂಗ್ ಏನಿದ್ದರೂ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವವರಿಗೆ ಒಗ್ಗುವ ವಿದ್ಯೆ. ಈ ಮೂರೂ ಮಾತುಗಳು ಎಷ್ಟು ನಿಜ ಎಂದು ಅರುವತ್ತು ವರ್ಷಗಳ ಹಿಂದೆಯೇ ಒಬ್ಬ ಗಣಿತದ ಪ್ರಾಧ್ಯಾಪಕರು ಪರೀಕ್ಷಿಸಿ ನೋಡಿದ್ದರು. ಅದೂ ಕಂಪ್ಯೂಟರ್ ಎಂದರೆ ಬೀಗ ಹಾಕಿದ ಕೋಣೆಯೊಳಗಿನ, ಬೀರುಗಳ ಗಾತ್ರದ ದುಬಾರಿ ಯಂತ್ರವಾಗಿದ್ದ ಕಾಲದಲ್ಲಿ.

ಅವರ ಹೆಸರು ಜಾನ್ ಕೆಮೆನಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಜಿಡಬ್ಲ್ಯೂ-ಬೇಸಿಕ್ ಕಲಿತವರು ಅವರ ಹೆಸರು ಕೇಳಿರದಿದ್ದರೂ ಅವರ ಕೆಲಸವನ್ನು ಬಳಸಿದ್ದಾರೆ. ಬೇಸಿಕ್ ಭಾಷೆಯನ್ನು ಕೆಮೆನಿ ತಮ್ಮ ಸಹೋದ್ಯೋಗಿ ಥಾಮಸ್ ಕರ್ಟ್ಜ್ ಜೊತೆ ಸೇರಿ ರೂಪಿಸಿದರು. ಅದನ್ನು ಕಂಡುಹಿಡಿದದ್ದು ಬಿಲ್ ಗೇಟ್ಸ್ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಪ್ಪು. ಬೇಸಿಕ್ ಹುಟ್ಟಿದಾಗ ಗೇಟ್ಸ್‌ಗೆ ಎಂಟು ವರ್ಷ.

ಬುಡಾಪೆಸ್ಟ್‌ನಿಂದ ಲಾಸ್ ಅಲಮೋಸ್‌ಗೆ

ಕೆಮೆನಿ ಹುಟ್ಟಿದ್ದು 1926ರ ಮೇ 31ರಂದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಒಂದು ಯಹೂದಿ ಕುಟುಂಬದಲ್ಲಿ. 1938ರಲ್ಲಿ ಹಿಟ್ಲರನ ಸೇನೆ ಪಕ್ಕದ ಆಸ್ಟ್ರಿಯಾವನ್ನು ನುಂಗಿದಾಗ ತಂದೆಗೆ ಮುಂದಿನದು ಕಂಡಿತು. ಮೊದಲು ತಾವೊಬ್ಬರೇ ಅಮೆರಿಕಕ್ಕೆ ಹೋಗಿ, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಊರು ಬಿಡಲು ಒಪ್ಪದ ಅಜ್ಜ ನಾಜಿಗಳ ಹತ್ಯಾಕಾಂಡದಲ್ಲಿ ತೀರಿಕೊಂಡರು.

ನ್ಯೂಯಾರ್ಕ್‌ಗೆ ಬಂದಿಳಿದಾಗ ಹುಡುಗನಿಗೆ ಹದಿಮೂರು ವರ್ಷ. ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರೂವರೆ ವರ್ಷಗಳ ನಂತರ ಅದೇ ಹುಡುಗ ತನ್ನ ಹೈಸ್ಕೂಲಿಗೇ ಮೊದಲಿಗನಾಗಿ ತೇರ್ಗಡೆಯಾದ. ಪ್ರಿನ್ಸ್‌ಟನ್‌ನಲ್ಲಿ ಗಣಿತ ಓದುತ್ತಿದ್ದಾಗ ಸೈನ್ಯದಿಂದ ಕರೆ ಬಂತು. 1945ರಲ್ಲಿ ಅವರನ್ನು ಕಳಿಸಿದ್ದು ಲಾಸ್ ಅಲಮೋಸ್‌ಗೆ, ಅಣುಬಾಂಬ್ ತಯಾರಾಗುತ್ತಿದ್ದ ರಹಸ್ಯ ನೆಲೆಗೆ.

ಅಲ್ಲಿ ಅವರಿಗೆ ಸಿಕ್ಕಿದ್ದು ಲೆಕ್ಕ ಮಾಡುವ ವಿಭಾಗದ ಕೆಲಸ. ಲೆಕ್ಕ ಮಾಡುತ್ತಿದ್ದದ್ದು ಕಂಪನಿಗಳ ಜಮಾಖರ್ಚಿಗೆಂದು ತಯಾರಾದ ಐಬಿಎಂ ಯಂತ್ರಗಳು. ತೂತು ಕೊರೆದ ಕಾರ್ಡುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕೈಯಲ್ಲೇ ಹೊತ್ತು ಹಾಕಬೇಕು. ಪಾಳಿ ಬದಲಿಸಿಕೊಂಡು ಹಗಲೂ ರಾತ್ರಿ ದುಡಿದರೂ ಒಂದೇ ಒಂದು ಸಮೀಕರಣ ಬಿಡಿಸಲು ಎರಡು-ಮೂರು ವಾರ ಹಿಡಿಯುತ್ತಿತ್ತು. ತಾವು ಒಂದು ವರ್ಷ ಮಾಡಿದ ಕೆಲಸವನ್ನು 1970ರ ಹೊತ್ತಿಗೆ ತಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ ಎಂದು ಕೆಮೆನಿ ಮುಂದೆ ಲೆಕ್ಕ ಕೊಟ್ಟಿದ್ದರು.

ಆ ವಿಭಾಗದ ಉಸ್ತುವಾರಿ ಹೊತ್ತಿದ್ದವರು ರಿಚರ್ಡ್ ಫೈನ್‌ಮನ್. ಅಲ್ಲಿನ ಒಂದು ಸಂಗತಿಯನ್ನು ಫೈನ್‌ಮನ್ ನಂತರ ನೆನಪಿಸಿಕೊಂಡಿದ್ದಾರೆ. ಹೈಸ್ಕೂಲು ಮುಗಿಸಿದ ಚುರುಕು ಹುಡುಗರನ್ನು ಸೈನ್ಯ ಆರಿಸಿ ತಂದು ಯಂತ್ರಗಳ ಮುಂದೆ ಕೂರಿಸಿತ್ತು. ಏನು ಲೆಕ್ಕ, ಯಾವುದಕ್ಕೆ ಎಂದು ಯಾರೂ ಹೇಳಿರಲಿಲ್ಲ. ಕೆಲಸ ಕುಂಟುತ್ತಿತ್ತು: ಒಂಬತ್ತು ತಿಂಗಳಲ್ಲಿ ಮೂರು ಲೆಕ್ಕ. ವಿಶೇಷ ಅನುಮತಿ ಪಡೆದು ಫೈನ್‌ಮನ್ ಅವರಿಗೆ ವಿಷಯ ಬಿಡಿಸಿ ಹೇಳಿದರು. ಆಮೇಲೆ ಹುಡುಗರು ತಾವಾಗಿಯೇ ರಾತ್ರಿ ಕೂತರು, ಹೊಸ ವಿಧಾನಗಳನ್ನು ಹುಡುಕಿಕೊಂಡರು. ಮೂರು ತಿಂಗಳಲ್ಲಿ ಒಂಬತ್ತು ಲೆಕ್ಕ ಮುಗಿಯಿತು. ಅವರು ಮಾಡುತ್ತಿದ್ದದ್ದು ಬಾಂಬಿನ ಲೆಕ್ಕ ಎಂಬುದನ್ನು ಮರೆಯಬಾರದು, ಹಾಗಾಗಿ ಇದನ್ನು ಸುಮ್ಮನೆ ಸ್ಫೂರ್ತಿಯ ಕಥೆಯಾಗಿ ಹೇಳಲು ಮನಸ್ಸಾಗುವುದಿಲ್ಲ. ಆದರೆ ಹುಡುಗರ ಬುದ್ಧಿ ಒಂಬತ್ತು ತಿಂಗಳೂ ಅಷ್ಟೇ ಇತ್ತು ಎಂಬುದನ್ನು ಗಮನಿಸಿ.

ಯುದ್ಧ ಮುಗಿದ ಮೇಲೆ ಕೆಮೆನಿ ಪ್ರಿನ್ಸ್‌ಟನ್‌ಗೆ ಮರಳಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಪಿಎಚ್.ಡಿ. ಮುಗಿಸಿದರು. ಅದೇ ಸಮಯದಲ್ಲಿ ಸುಮಾರು ಒಂದು ವರ್ಷ ಆಲ್ಬರ್ಟ್ ಐನ್‌ಸ್ಟೈನ್‌ಗೆ ಗಣಿತದ ಸಹಾಯಕರಾಗಿದ್ದರು. ಐನ್‌ಸ್ಟೈನ್ ಗಣಿತದಲ್ಲಿ ಹಿಂದೆ ಬಿದ್ದಿದ್ದರು, ಶಾಲೆಯಲ್ಲಿ ಫೇಲಾಗಿದ್ದರು ಎಂದು ನಂಬುವವರು ಈ ಸಹಾಯಕರ ವಿಷಯವನ್ನು ಸಾಕ್ಷಿಯಾಗಿ ಎತ್ತುವುದುಂಟು. ಐನ್‌ಸ್ಟೈನ್ ಫೇಲಾಗಿರಲಿಲ್ಲ, ಹದಿನೈದು ತುಂಬುವ ಮೊದಲೇ ಕಲನಶಾಸ್ತ್ರ ಕಲಿತಿದ್ದರು. ತಮ್ಮ ಸಿದ್ಧಾಂತಕ್ಕೆ ಬೇಕಾದ ದೊಡ್ಡ ಲೆಕ್ಕಗಳಲ್ಲಿ ಜೊತೆಯಾಗಿ ಕೂರಲು ಎಳೆಯ ಗಣಿತಜ್ಞರನ್ನು ಇಟ್ಟುಕೊಳ್ಳುತ್ತಿದ್ದರು, ಅಷ್ಟೆ.

ಒಂದು ಅಲ್ಪವಿರಾಮಕ್ಕೆ ಎರಡು ವಾರ

1953ರಲ್ಲಿ ಕೆಮೆನಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಪುಟ್ಟ ಊರಿನ ಡಾರ್ಟ್‌ಮತ್ ಕಾಲೇಜು ಸೇರಿದರು. ಇನ್ನೂ ಮೂವತ್ತು ತುಂಬುವ ಮೊದಲೇ ಗಣಿತ ವಿಭಾಗದ ಮುಖ್ಯಸ್ಥರಾದರು. 1956ರಲ್ಲಿ ಕರ್ಟ್ಜ್ ಬಂದರು.

ಕಾಲೇಜಿನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಹತ್ತಿರದ್ದೆಂದರೆ ಬಾಸ್ಟನ್ ಬಳಿಯ ಎಂಐಟಿಯದು. ಕರ್ಟ್ಜ್ ಎರಡು ವಾರಕ್ಕೊಮ್ಮೆ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ರೈಲು ಹತ್ತುತ್ತಿದ್ದರು. ಅಲ್ಲಿ ಪ್ರೋಗ್ರಾಮ್ ಓಡಿಸಿ, ಸಂಜೆ ಫಲಿತಾಂಶದೊಡನೆ ವಾಪಸು. ಪ್ರೋಗ್ರಾಮಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೆ? ತಿದ್ದಿಕೊಂಡು ಮುಂದಿನ ರೈಲಿಗೆ ಎರಡು ವಾರ ಕಾಯುವುದು.

ಮಕ್ಕಳು ಬೇಸರಗೊಳ್ಳುವುದೇಕೆ ಎಂಬುದರ ಮುಖ್ಯ ಕಾರಣ ಇಲ್ಲೇ ಇದೆ. ಸೈಕಲ್ ಕಲಿಯುವಾಗ ಸಮತೋಲ ತಪ್ಪಿದ್ದು ಅದೇ ಕ್ಷಣದಲ್ಲಿ ಗೊತ್ತಾಗುತ್ತದೆ, ದೇಹ ತಿದ್ದಿಕೊಳ್ಳುತ್ತದೆ. ಬಿದ್ದದ್ದು ಎರಡು ವಾರದ ನಂತರ ಪತ್ರದಲ್ಲಿ ತಿಳಿಯುವಂತಿದ್ದರೆ ಯಾರೂ ಸೈಕಲ್ ಕಲಿಯುತ್ತಿರಲಿಲ್ಲ. ಮಾಡಿದ್ದಕ್ಕೂ ಅದರ ಫಲ ಕಾಣುವುದಕ್ಕೂ ನಡುವಿನ ಅಂತರ ಹೆಚ್ಚಿದಷ್ಟೂ ಕಲಿಕೆ ಸೊರಗುತ್ತದೆ. ಸಂಬಳ ಪಡೆಯುವ ವಿಜ್ಞಾನಿ ಈ ಅಂತರವನ್ನು ಸಹಿಸಿಯಾನು. ಹದಿನೇಳರ ಹುಡುಗ ಕೈಚೆಲ್ಲುತ್ತಾನೆ.

1959ರಲ್ಲಿ ಡಾರ್ಟ್‌ಮತ್‌ಗೆ ಎಲ್‌ಜಿಪಿ-30 ಎಂಬ ಸಣ್ಣ ಕಂಪ್ಯೂಟರ್ ಬಂತು. ಕೆಮೆನಿ ಮತ್ತು ಕರ್ಟ್ಜ್ ಅದನ್ನು ವಿದ್ಯಾರ್ಥಿಗಳ ಕೈಗೇ ಬಿಟ್ಟರು. ಪದವಿ ಕೂಡ ಮುಗಿಸದ ಆ ಹುಡುಗರು ಆ ಪುಟ್ಟ ಯಂತ್ರಕ್ಕೆ ಆಲ್ಗಾಲ್ ಭಾಷೆಯ ಅನುವಾದಕವನ್ನೇ ಬರೆದುಬಿಟ್ಟರು. ವೃತ್ತಿಪರರು ಮಾಡುವ ಕೆಲಸ ಅದು. ಎಳೆಯರನ್ನು ನಂಬಬಹುದು ಎಂಬ ಕೆಮೆನಿಯವರ ಧೈರ್ಯದ ಹಿಂದೆ ಈ ಅನುಭವವಿತ್ತು.

ಎಲ್ಲರಿಗೂ ಒಂದೇ ಯಂತ್ರ

ಡಾರ್ಟ್‌ಮತ್‌ನ ವಿದ್ಯಾರ್ಥಿಗಳಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಆರಿಸಿಕೊಳ್ಳುತ್ತಿದ್ದವರು ಸುಮಾರು ಕಾಲು ಭಾಗ. ಉಳಿದವರು ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರದ ಕಡೆಯವರು. ಮುಂದೆ ಕಂಪನಿ, ಸರ್ಕಾರ ನಡೆಸುವವರು ಈ ಮುಕ್ಕಾಲು ಭಾಗದವರೇ. ಕಂಪ್ಯೂಟರ್ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ಅದನ್ನು ಒಮ್ಮೆಯಾದರೂ ಮುಟ್ಟಿರಬೇಡವೇ ಎಂಬುದು ಕೆಮೆನಿಯವರ ಪ್ರಶ್ನೆ. ಆದ್ದರಿಂದ ಕಾಲೇಜಿನ ಪ್ರತಿಯೊಬ್ಬರೂ ಕಂಪ್ಯೂಟರ್ ಬಳಸಬೇಕು, ಶುಲ್ಕವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ. ಗ್ರಂಥಾಲಯಕ್ಕೆ ಹೋಗಿ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವ ಹಾಗೆ.

ಒಂದೇ ಯಂತ್ರ, ನೂರಾರು ಜನ. ಹೇಗೆ ಸಾಧ್ಯ? ದರ್ಶಿನಿಯ ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ. ಭಟ್ಟರು ಒಂದು ದೋಸೆ ಬೇಯುವುದನ್ನೇ ಕಾಯುತ್ತಾ ನಿಲ್ಲುವುದಿಲ್ಲ. ಇದಕ್ಕೆ ಹಿಟ್ಟು, ಅದಕ್ಕೆ ಎಣ್ಣೆ, ಮತ್ತೊಂದನ್ನು ಮಗುಚುವುದು. ಟೋಕನ್ ಹಿಡಿದು ನಿಂತ ಹತ್ತು ಮಂದಿಗೂ ತಮ್ಮ ದೋಸೆಯ ಮೇಲೇ ಗಮನವಿದೆ ಅನ್ನಿಸುತ್ತದೆ. ಮನುಷ್ಯ ಬೆರಳಚ್ಚು ಮಾಡುವ ವೇಗಕ್ಕೆ ಹೋಲಿಸಿದರೆ ಯಂತ್ರ ಬಲು ಚುರುಕು. ಒಬ್ಬರು ಯೋಚಿಸುವಷ್ಟರಲ್ಲಿ ಅದು ಹಲವರ ಕೆಲಸ ಮುಗಿಸುತ್ತದೆ. ಇದಕ್ಕೆ ಟೈಮ್ ಶೇರಿಂಗ್ ಎಂದು ಹೆಸರು. ಸಣ್ಣ ಪ್ರೋಗ್ರಾಮುಗಳಿಗೆ ಮೊದಲ ಸರದಿ ಎಂದೂ ಡಾರ್ಟ್‌ಮತ್‌ನವರು ಇಟ್ಟುಕೊಂಡರು. ದೊಡ್ಡ ಲೆಕ್ಕದ ಪ್ರಾಧ್ಯಾಪಕರು ಸ್ವಲ್ಪ ಕಾಯಲಿ, ಐದು ಸಾಲು ಬರೆದ ಹೊಸಬ ಕಾಯಬಾರದು. ಉತ್ತರ ಬರಲು ಸರಾಸರಿ ಹತ್ತು ಸೆಕೆಂಡಿಗಿಂತ ತಡವಾದರೆ, ಯಂತ್ರ ತನ್ನದೇ ಎಂಬ ಭಾವನೆ ಬಳಸುವವರಲ್ಲಿ ಉಳಿಯುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು.

ಯಂತ್ರ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಸಿಸ್ಟಂ ಬರೆಯುವ ಭಾರ ಬಿದ್ದದ್ದು ವಿದ್ಯಾರ್ಥಿಗಳ ಮೇಲೆ, ಅದರಲ್ಲೂ ಮೈಕೆಲ್ ಬುಶ್ ಮತ್ತು ಜಾನ್ ಮೆಕ್‌ಗೀಕಿ ಎಂಬಿಬ್ಬರ ಮೇಲೆ. ಬೇಸಿಕ್‌ನ ಮೊದಲ ಅನುವಾದಕವನ್ನು ಬರೆದದ್ದು ಸ್ವತಃ ಕೆಮೆನಿ. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಎರಡು ಟೆಲಿಟೈಪ್‌ಗಳಲ್ಲಿ ಒಟ್ಟಿಗೇ ಪ್ರೋಗ್ರಾಮ್ ಓಡಿತು. ಎರಡಕ್ಕೂ ಸರಿಯುತ್ತರ ಬಂತು.

ಬೇಸಿಕ್‌ನಲ್ಲಿ ಏನಿತ್ತು?

ಆ ಕಾಲದ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ಅಚ್ಚು ಮಾಡಬೇಕೆಂದರೂ ಅದು ಎಷ್ಟು ಅಂಕಿ, ದಶಮಾಂಶ ಎಲ್ಲಿ ಎಂದು ಮೊದಲೇ ವಿವರ ಬರೆದುಕೊಡಬೇಕಿತ್ತು. ಬೇಸಿಕ್‌ನಲ್ಲಿ ಪ್ರಿಂಟ್ ಎಂದರೆ ಸಾಕು. ಪೂರ್ಣಾಂಕ ಬೇರೆ, ದಶಮಾಂಶ ಬೇರೆ ಎಂಬ ಗೊಡವೆಯೂ ಇಲ್ಲ. ಒಟ್ಟು ಹದಿನೈದರಷ್ಟು ಆಜ್ಞೆಗಳು. ಯಂತ್ರದ ಜೊತೆ ಮಾತು ಶುರುಮಾಡಲು ಹಲೋ, ಪ್ರೋಗ್ರಾಮ್ ಓಡಿಸಲು ರನ್, ಬರೆದದ್ದನ್ನು ನೋಡಲು ಲಿಸ್ಟ್, ಎದ್ದು ಹೋಗಲು ಗುಡ್‌ಬೈ.

ತಪ್ಪುಗಳನ್ನು ತೋರಿಸುವ ರೀತಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು. ಪ್ರೋಗ್ರಾಮಿನಲ್ಲಿ ಎಷ್ಟೇ ದೋಷಗಳಿರಲಿ, ಬೇಸಿಕ್ ಒಮ್ಮೆಗೆ ಐದಕ್ಕಿಂತ ಹೆಚ್ಚು ತೋರಿಸುತ್ತಿರಲಿಲ್ಲ. ನಲವತ್ತು ಕೆಂಪು ಗೆರೆ ಎಳೆದ ಉತ್ತರಪತ್ರಿಕೆ ವಾಪಸು ಬಂದಾಗ ಮಗು ಯಾವುದನ್ನು ಮೊದಲು ತಿದ್ದುತ್ತದೆ? ಯಾವುದನ್ನೂ ಅಲ್ಲ, ಮಡಚಿ ಚೀಲಕ್ಕೆ ಹಾಕುತ್ತದೆ. ಐದಾದರೆ ಕೂತು ತಿದ್ದಬಹುದು. ತಿದ್ದಿ ಮತ್ತೆ ರನ್ ಕೊಡಬಹುದು. ಹತ್ತು ಸಲ ತಪ್ಪಿದರೂ ಹೆಸರು ಹಾಜರಿ ಪುಸ್ತಕಕ್ಕೆ ಏರುವುದಿಲ್ಲ, ಅಂಕ ಕಳೆಯುವುದಿಲ್ಲ.

ಪಾಠದ ವಿಧಾನವೂ ಹಾಗೆಯೇ. ಗಣಿತ ತೆಗೆದುಕೊಂಡ ಮೊದಲ ವರ್ಷದ ವಿದ್ಯಾರ್ಥಿಗಳಿಗೆ, ಅಂದರೆ ಹದಿನೇಳು ಹದಿನೆಂಟರ ಹುಡುಗರಿಗೆ, ಎರಡು ಮೂರು ತಾಸಿನ ಉಪನ್ಯಾಸ. ಅಷ್ಟೇ! ಉಳಿದದ್ದು ಟೆಲಿಟೈಪ್ ಮುಂದೆ ಅವರೇ ಕೂತು ಕಲಿಯಬೇಕು. ನಾಲ್ಕೇ ವರ್ಷಗಳಲ್ಲಿ, ಹೊಸದಾಗಿ ಸೇರಿದವರ ಪೈಕಿ ನೂರಕ್ಕೆ ಎಂಬತ್ತರಷ್ಟು ಮಂದಿ ಪ್ರೋಗ್ರಾಮ್ ಬರೆಯುವ ತರಬೇತಿ ಪಡೆದಿದ್ದರು. ಪ್ರೋಗ್ರಾಮಿಂಗ್ ಗಣಿತದ ಮೇಧಾವಿಗಳಿಗೆ ಮಾತ್ರ ಎಂಬ ನಂಬಿಕೆಗೆ ಇದು ನೇರ ಉತ್ತರ.

ಆಟ ಆಡುವುದು ಸಮಯ ಹಾಳೇ?

ಬಿಟ್ಟ ಮೇಲೆ ಹುಡುಗರು ಏನು ಮಾಡಿದರು? ನೀವು ಊಹಿಸಿದ್ದೇ. ಲೆಕ್ಕ ಮುಗಿಸಿ, ಕೆಲವೊಮ್ಮೆ ಮುಗಿಸದೆಯೂ, ಆಟ ಬರೆದರು. ಅಂದಿನ ಬೇರೆ ಕಂಪ್ಯೂಟರ್ ಕೇಂದ್ರಗಳಲ್ಲಿ ಯಂತ್ರದ ಸಮಯಕ್ಕೆ ನಿಮಿಷ ನಿಮಿಷದ ಲೆಕ್ಕವಿರುತ್ತಿತ್ತು. ಅಲ್ಲಿ ಇದು ಅಪರಾಧ. ಕೆಮೆನಿ ಬೈಯಲಿಲ್ಲ. ಹೊಸಬರ ಭಯ ಹೋಗಲು ಆಟಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ಅವರ ಅಭಿಪ್ರಾಯ. 1965ರ ನವೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಡಾರ್ಟ್‌ಮತ್ ತಂಡ ಪ್ರಿನ್ಸ್‌ಟನ್ ತಂಡವನ್ನು ಸೋಲಿಸಿದ ಮರುದಿನ, ಭಾನುವಾರ, ವಿಭಾಗದ ಮುಖ್ಯಸ್ಥರೇ ಕೂತು ಬೇಸಿಕ್‌ನಲ್ಲಿ ಒಂದು ಫುಟ್‌ಬಾಲ್ ಆಟ ಬರೆದರು. ಚಿತ್ರವಿಲ್ಲ, ಬಣ್ಣವಿಲ್ಲ. ಸೆಕೆಂಡಿಗೆ ಹತ್ತು ಅಕ್ಷರದಂತೆ ಕಟಕಟನೆ ಕಾಗದದ ಮೇಲೆ ಮೂಡುವ ಅಕ್ಷರಗಳಷ್ಟೇ. ಹುಡುಗರು ಮುಗಿಬಿದ್ದರು.

ಹಾಗಾದರೆ ಮಗ ದಿನವಿಡೀ ಮೊಬೈಲಿನಲ್ಲಿ ಆಡಿದರೂ ಕಂಪ್ಯೂಟರ್ ಕಲಿಯುತ್ತಾನೆ ಎಂದಾಯಿತೇ? ಇಲ್ಲ. ಡಾರ್ಟ್‌ಮತ್‌ನ ಆಟ ಅದೇ ಬೇಸಿಕ್‌ನಲ್ಲಿ ಬರೆದ, ಎಲ್ಲರೂ ಓದಬಹುದಾದ ಪ್ರೋಗ್ರಾಮ್. ಸೋತವನು ಲಿಸ್ಟ್ ಎಂದು ಟೈಪ್ ಮಾಡಿದರೆ ಒಳಗಿನ ಸಾಲುಗಳೆಲ್ಲ ಕಾಗದದ ಮೇಲೆ ಬರುತ್ತಿದ್ದವು. ಗೆಲ್ಲುವ ಸಾಧ್ಯತೆಯನ್ನು ಎಲ್ಲಿ ತೀರ್ಮಾನಿಸಿದ್ದಾರೆ ಎಂದು ಹುಡುಕಿ, ತನ್ನ ಪ್ರತಿಯಲ್ಲಿ ಆ ಸಂಖ್ಯೆ ಬದಲಿಸಿ, ಮತ್ತೆ ಓಡಿಸಬಹುದಿತ್ತು. ಇಂದಿನ ಮೊಬೈಲ್ ಆಟಕ್ಕೆ ಅಂಥ ಬಾಗಿಲಿಲ್ಲ. ಬಾಗಿಲಿರುವ ಆಟ ಬೇಕಿದ್ದರೆ ಸ್ಕ್ರ್ಯಾಚ್‌ನಂಥ ಉಚಿತ ತಾಣಗಳಲ್ಲಿದೆ; ಅಲ್ಲಿ ಯಾವುದೇ ಆಟದ ಒಳಗನ್ನು ತೆರೆದು ನೋಡಿ ಬದಲಿಸಬಹುದು.

ಅರುವತ್ತರ ದಶಕದ ಕೊನೆಯ ಹೊತ್ತಿಗೆ ಟೆಲಿಫೋನ್ ತಂತಿಯ ಮೂಲಕ ಸುತ್ತಲಿನ ರಾಜ್ಯಗಳ ಹತ್ತಾರು ಹೈಸ್ಕೂಲುಗಳು ಡಾರ್ಟ್‌ಮತ್‌ನ ಯಂತ್ರಕ್ಕೆ ಸೇರಿಕೊಂಡವು. ಬೇಸಿಕ್ ಬೇರೆ ಕಡೆಗೂ ಹರಡಿತು. 1968ರಲ್ಲಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿ ಲೇಕ್‌ಸೈಡ್ ಎಂಬ ಶಾಲೆಯ ತಾಯಂದಿರ ಸಂಘ ಹಳೆಯ ಸಾಮಾನು ಮಾರಿ ಬಂದ ಹಣದಲ್ಲಿ ಒಂದು ಟೆಲಿಟೈಪ್ ಸಂಪರ್ಕ ಹಾಕಿಸಿತು. ಅದರ ಮುಂದೆ ಕೂತ ಹದಿಮೂರರ ಬಿಲ್ ಗೇಟ್ಸ್ ಬೇಸಿಕ್‌ನಲ್ಲಿ ಬರೆದ ಮೊದಲ ಪ್ರೋಗ್ರಾಮುಗಳಲ್ಲೊಂದು ಸೊನ್ನೆ-ಗುಣಾಕಾರದ ಆಟ. 1975ರಲ್ಲಿ ಅವರೂ ಪಾಲ್ ಅಲೆನ್ ಅವರೂ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್‌ನ ಒಂದು ಆವೃತ್ತಿ ತಯಾರಿಸಿದರು. ಮೈಕ್ರೋಸಾಫ್ಟ್ ಶುರುವಾದದ್ದು ಅಲ್ಲಿಂದ. ಬೇಸಿಕ್ ಹೀಗೆ ಊರೂರಿಗೆ ಹೋದದ್ದರಿಂದ ಕೆಮೆನಿ, ಕರ್ಟ್ಜ್ ಹಣ ಮಾಡಲಿಲ್ಲ. ಭಾಷೆಯನ್ನು ಅವರು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿದ್ದರು.

ಟೀಕೆಗಳು

ಎಲ್ಲರೂ ಮೆಚ್ಚಲಿಲ್ಲ. ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ, ಬೇಸಿಕ್ ಮೊದಲು ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದೇ ಕಷ್ಟ ಎಂಬರ್ಥದ ಕಟುವಾದ ಮಾತಾಡಿದರು. ಲೋಗೋ ಭಾಷೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಸೆಮೋರ್ ಪೇಪರ್ಟ್, ಮೊದಲು ಬಂದದ್ದರಿಂದಷ್ಟೇ ಬೇಸಿಕ್ ಬೇರೂರಿದೆ ಎಂದು ಟೀಕಿಸಿದರು. ಪ್ರೋಗ್ರಾಮಿನ ಎಲ್ಲಿಂದ ಎಲ್ಲಿಗಾದರೂ ಹಾರಬಹುದಾದ ಗೋಟು ಆಜ್ಞೆಯಿಂದ ದೊಡ್ಡ ಪ್ರೋಗ್ರಾಮುಗಳು ಗೋಜಲಾಗುತ್ತಿದ್ದವು, ನಿಜ. ಆದರೆ ಬೇಸಿಕ್ ಕಲಿತವರ ತಲೆ ಕೆಡುತ್ತದೆ ಎಂಬ ಮಾತಿಗೆ ಆಧಾರ ಕಾಣುವುದಿಲ್ಲ. ಮುಂದಿನ ತಲೆಮಾರಿನ ಎಷ್ಟೋ ಒಳ್ಳೆಯ ಪ್ರೋಗ್ರಾಮರ್‌ಗಳು ಅಲ್ಲಿಂದಲೇ ಹೊರಟವರು.

ನನ್ನ ಮಟ್ಟಿಗೆ ಇನ್ನೊಂದು ಕೊರತೆ ಹೆಚ್ಚು ಮುಖ್ಯ. ಡಾರ್ಟ್‌ಮತ್ ಆಗ ಗಂಡುಮಕ್ಕಳ ಕಾಲೇಜು. ಜಾಲಕ್ಕೆ ಸೇರಿದ ಹೈಸ್ಕೂಲುಗಳಲ್ಲಿ ಸಿರಿವಂತರ ಗಂಡುಮಕ್ಕಳ ಶಾಲೆಗಳೂ ಇದ್ದವು. ಫುಟ್‌ಬಾಲ್ ಆಟ ಎಲ್ಲ ಮಕ್ಕಳನ್ನೂ ಸೆಳೆಯುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಏಳುವ ಸಂಭವವೇ ಕಡಿಮೆ. 1970ರಲ್ಲಿ ಕಾಲೇಜಿನ ಅಧ್ಯಕ್ಷರಾದ ಕೆಮೆನಿ, ಹಳೆಯ ವಿದ್ಯಾರ್ಥಿಗಳ ವಿರೋಧದ ನಡುವೆಯೂ 1972ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಿಸಿದರು. ಅಧ್ಯಕ್ಷರಾಗಿದ್ದಾಗಲೂ ಪಾಠ ಮಾಡುವುದನ್ನು ಬಿಡಲಿಲ್ಲ.

1979ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ತನಿಖೆಗೆ ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗದ ಮುಖ್ಯಸ್ಥರು ಕೆಮೆನಿ. ಉಪಕರಣಕ್ಕಿಂತ ಹೆಚ್ಚಿನ ದೋಷ ಮನುಷ್ಯರ ತರಬೇತಿಯಲ್ಲಿ, ವ್ಯವಸ್ಥೆಯಲ್ಲಿ ಇತ್ತು ಎಂದು ಆಯೋಗದ ವರದಿ ಹೇಳಿತು. ಅಪಘಾತದ ಮೊದಲ ಕೆಲ ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೇ ಮೊಳಗಿದ್ದವು, ಮುಖ್ಯವಾದದ್ದು ಯಾವುದೆಂದು ತಿಳಿಯುವ ದಾರಿ ಸಿಬ್ಬಂದಿಗೆ ಇರಲಿಲ್ಲ. ಹೊಸಬನಿಗೆ ಒಮ್ಮೆಗೆ ಐದೇ ತಪ್ಪು ತೋರಿಸುವ ಭಾಷೆಯನ್ನು ರೂಪಿಸಿದ ಮನುಷ್ಯ ಈ ಸಂಗತಿಯನ್ನು ಓದುತ್ತಾ ಏನಂದುಕೊಂಡಿರಬಹುದು?

ನಮ್ಮ ಶಾಲೆಗಳಿಗೆ ಬಂದಾಗ

ಭಾರತದಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ 1984ರಿಂದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು. ಅವುಗಳಲ್ಲಿದ್ದದ್ದೂ ಬೇಸಿಕ್. ಭಾಷೆ ಬಂತು, ಅದರ ಹಿಂದಿನ ವಿಚಾರ ಎಲ್ಲ ಕಡೆಗೂ ಬರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಒಂದು ಯಂತ್ರಕ್ಕೆ ನಾಲ್ಕು ಮಂದಿಯಂತೆ ಕೂತು, ಕೀಲಿ ಒತ್ತುವ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿದ್ದ ಲ್ಯಾಬನ್ನು ನೋಡಿದವರು ನಮ್ಮಲ್ಲಿ ಬಹಳ ಜನ. ಪ್ರೋಗ್ರಾಮನ್ನು ಮೊದಲು ರೆಕಾರ್ಡ್ ಪುಸ್ತಕದಲ್ಲಿ ನೀಟಾಗಿ ಬರೆದು, ಸಹಿ ಹಾಕಿಸಿಕೊಂಡು, ಆಮೇಲೆ ಟೈಪ್ ಮಾಡಬೇಕು. ಹ್ಯಾನೋವರ್‌ನಲ್ಲಿ ಕಿತ್ತುಹಾಕಿದ ಕಾಯುವಿಕೆಯನ್ನು ನಾವು ನೋಟ್‌ಬುಕ್ಕಿನ ರೂಪದಲ್ಲಿ ವಾಪಸು ತಂದಿದ್ದೆವು. ಆ ಶಿಸ್ತಿಗೆ ಯಂತ್ರಗಳ ಕೊರತೆಯೂ ಕಾರಣ, ಒಪ್ಪೋಣ. ಆದರೆ ಒಂದೇ ಯಂತ್ರವಿದ್ದ ಡಾರ್ಟ್‌ಮತ್ ಶುರುಮಾಡಿದ್ದೂ ಕೊರತೆಯಿಂದಲೇ. ಇವತ್ತು ಒಂದು ಹಳೆಯ ಲ್ಯಾಪ್‌ಟಾಪ್ ಇರುವ ಶಾಲೆಯ ಮೇಷ್ಟ್ರಿಗೂ ಇಷ್ಟು ಸಾಧ್ಯ: ಮೊದಲ ದಿನವೇ ಪ್ರತಿ ಮಗುವೂ ತನ್ನ ಹೆಸರನ್ನು ತೆರೆಯ ಮೇಲೆ ನೂರು ಸಲ ಮೂಡಿಸುವ ಎರಡು ಸಾಲು ಬರೆಯಲಿ, ಆಮೇಲೆ ಆ ಸಾಲುಗಳನ್ನು ತನಗೆ ಬೇಕಾದ ಹಾಗೆ ಕೆಡಿಸಲಿ. ಕಂಪ್ಯೂಟರಿನ ತಲೆಮಾರುಗಳ ಪಟ್ಟಿಯನ್ನು ಮುಂದಿನ ವಾರ ಬಾಯಿಪಾಠ ಮಾಡಿಸಿದರೂ ನಷ್ಟವಿಲ್ಲ.

ಕೆಮೆನಿ 1981ರಲ್ಲಿ ಅಧ್ಯಕ್ಷ ಪದವಿ ಬಿಟ್ಟು ಮತ್ತೆ ಪೂರ್ಣಾವಧಿಯ ಮೇಷ್ಟ್ರಾದರು. ಬೀದಿಬೀದಿಯಲ್ಲಿ ಹುಟ್ಟಿಕೊಂಡಿದ್ದ ಬೇಸಿಕ್‌ನ ನಾನಾ ಅವತಾರಗಳು ಅವರಿಗೂ ಕರ್ಟ್ಜ್‌ಗೂ ಹಿಡಿಸಿರಲಿಲ್ಲ. ಗೋಟು ಇಲ್ಲದೆಯೂ ನಡೆಯುವ, ತಿದ್ದಿದ ಟ್ರೂ ಬೇಸಿಕ್ ಎಂಬ ಆವೃತ್ತಿಯನ್ನು ಇಬ್ಬರೂ ಸೇರಿ ಹೊರತಂದರು. ಅದು ಅಷ್ಟಾಗಿ ಹರಡಲಿಲ್ಲ. 1992ರ ಡಿಸೆಂಬರ್ 26ರಂದು, ಅರುವತ್ತಾರನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದ ಕೆಮೆನಿ ತೀರಿಕೊಂಡರು. 2019ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಸರ್ಕಾರ ಹ್ಯಾನೋವರ್ ಬಳಿಯ ಹೆದ್ದಾರಿಯ ಪಕ್ಕದಲ್ಲಿ ಒಂದು ಸ್ಮಾರಕ ಫಲಕ ನೆಟ್ಟಿತು. ರಸ್ತೆ ಬದಿಯ ಇಂಥ ಫಲಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಯುದ್ಧ, ಸೇತುವೆ, ಹಳೆಯ ಮನೆಗಳ ಹೆಸರು. ಇದರ ಮೇಲಿರುವುದು ಒಂದು ಕಂಪ್ಯೂಟರ್ ಭಾಷೆಯ ಹೆಸರು.